90 ಲೀಟರ್ ಟ್ಯಾಂಕ್ ತುಂಬಿಸ್ಲಿಕ್ಕೆ ಹೋದ ಕಥಿ

ಗಾಡಿಗಿ ನೀರು ತುಂಬಿಸೋದು ಅಂದ್ರ ಏನ್ರಿ, ಪೈಪ್ ಹಚ್ಚೋದು, ನಳ ತಿರುವೋದು, ತುಂಬಿದ ಮ್ಯಾಲ ಬಂದ್ ಮಾಡೋದು, ಇಷ್ಟೇ ಅಂತ ನಾನೂ ತಿಳ್ಕೊಂಡಿದ್ದೆ. ಹೋದ ಮೇ ತಿಂಗಳ ಕಲಬುರಗಿಲಿಂದ ಬೀದರ್‌ಗ ಹೋಗಿ ಬಂದ ಮ್ಯಾಲ ಆ ಮಾತು ಬಾಯಾಗ ಬರಲ್ಲ.

ಗಾಡಿ ಅಂದ್ರ ಹಳೇ ಟ್ರಾವೆಲರ್ ವ್ಯಾನು. ಸೀಟೆಲ್ಲಾ ಕಿತ್ತಿಸಿ ಒಳಗ ಎರಡು ಹಾಸಿಗಿ, ಒಂದು ಗ್ಯಾಸ್ ಒಲಿ, ಒಂದು ಸಣ್ಣ ಸಿಂಕು, ಹಿಂದಿನ ಬಾಗಲಿಗಿ ಕೈಕಾಲು ತೊಳಿಲಿಕ್ಕೆ ಒಂದು ಶವರ್ ಪೈಪು ಹಾಕಿಸೀನಿ. ಆರ್‌ಸಿದಾಗ ಬದಲಾವಣಿ ಮಾಡಿಸೋ ಸಲುವಾಗಿ ಎಷ್ಟು ಚಪ್ಪಲಿ ಸವೆಸ್ದೆ ಅನ್ನೋದು ಬ್ಯಾರೆ ಕಥಿ, ಅದು ಇಲ್ಲಿ ಬ್ಯಾಡ. ನಮ್ಮವ್ವ ಮೊದಲನೇ ದಿನ ಗಾಡಿ ಸುತ್ತ ಒಂದು ಸುತ್ತು ಹಾಕಿ, "ಇಷ್ಟು ರೊಕ್ಕ ಸುರಿದು ಸ್ವಂತ ಮನಿ ಬಿಟ್ಟು ರಸ್ತಾದಾಗ ಮಲಗೋದು ಯಾವ ಶಾಣ್ಯಾತನ ಲೇ" ಅಂದಿದ್ಳು. ಆದ್ರ ಬೀದರ್‌ಗ ಹೊಂಟೀವಿ ಅಂದ ತಕ್ಷಣ ಎಲ್ಲರಕಿಂತ ಮೊದಲು ಚೀಲ ಕಟ್ಟಿದಾಕಿ ಆಕಿನೇ.

ಟ್ಯಾಂಕು ಎಡಗಡಿ ಹಾಸಿಗಿ ಕೆಳಗ, ಹಿಂದಿನ ಗಾಲಿ ಮ್ಯಾಲ ಅದ. ದಪ್ಪ ಪ್ಲಾಸ್ಟಿಕ್‌ದು, 90 ಲೀಟರ್. ಹೊರಗಿನ ಬಾಡಿಮ್ಯಾಲ ಎದಿ ಎತ್ತರಕ್ಕ ಒಂದು ಮುಚ್ಚಳ, ಡೀಸೆಲ್ ಮುಚ್ಚಳದಂಗೇ ಕಾಣ್ತದ, ಅದಕ್ಕೇ ನಾನು ಅದರ ಮ್ಯಾಲ ಕೆಂಪು ಪೇಂಟ್‌ಲಿಂದ "ನೀರು" ಅಂತ ದೊಡ್ಡದಾಗಿ ಬರೆಸೀನಿ, ಯಾಕಂದ್ರ ಪೆಟ್ರೋಲ್ ಪಂಪಿನ ಹುಡುಗ ಒಂದ್ಸಲ ಅರ್ಧ ನಿದ್ದಿಯಾಗ ಡೀಸೆಲ್ ಗನ್ ಇಟ್ಟಾ ಅಂದ್ರ ಮುಗೀತು, ಆ ಟ್ಯಾಂಕ್ ಎಸಿಲಿಕ್ಕೇ ಬೇಕು. ಮುಚ್ಚಳದಿಂದ ಟ್ಯಾಂಕಿಗೆ ಒಂದು ದಪ್ಪ ಪೈಪು. ಅದರ ಬಾಜೂಕ ಬೆರಳಿನಷ್ಟು ಸಣ್ಣದೊಂದು ಪೈಪು ಮ್ಯಾಲ ಬಂದು ಹೊರಗ ಬಾಯಿ ಬಿಡ್ತದ, ಅದು ಗಾಳಿ ಪೈಪು. ಟ್ಯಾಂಕಿನ್ಯಾಗ ನೀರು ಇಳಿಬೇಕಂದ್ರ ಒಳಗಿನ ಗಾಳಿ ಹೊರಗ ಹೋಗ್ಬೇಕಲ್ಲಾ. ಈ ಬೆರಳು ಪೈಪಿನ ಕಥಿ ಮುಂದ ಬರ್ತದ. ಆಮ್ಯಾಲ 12 ವೋಲ್ಟಿನ ಒಂದು ಪಂಪು, ಸಿಂಕಿನ ನಳ ತಿರುವಿದ್ರ ತಾನೇ ಡರ್ರ್ ಅಂತ ಶುರುವಾಗ್ತದ, ಬಂದ್ ಮಾಡಿದ್ರ ತಾನೇ ಸುಮ್ಮನಾಗ್ತದ.

ಹೊಸ ಟ್ಯಾಂಕು ಅಂತ ಸೀದಾ ನೀರು ಹಾಕಿ ಕುಡಿಲಿಕ್ಕೆ ಬರಲ್ಲ, ಒಳಗ ಡ್ರಿಲ್ ಹೊಡೆದ ಪ್ಲಾಸ್ಟಿಕ್ ಚೂರು, ಧೂಳು ಎಲ್ಲಾ ಇರ್ತಾವ. ಕ್ಲೋರಿನ್ ಹಾಕಿ ತೊಳಿಬೇಕು. 5 ಪರ್ಸೆಂಟಿನ ಸೋಡಿಯಂ ಹೈಪೋಕ್ಲೋರೈಟ್ ತಂದೆ, ವಾಸನಿ ಬಣ್ಣ ಏನೂ ಬೆರೆಸದೇ ಇರೋದು. ಲೆಕ್ಕ ಸಸಾರ, ಲೀಟರ್ ನೀರಿಗೆ ಒಂದು ಎಂಎಲ್, ಅಂದ್ರ 90 ಲೀಟರಿಗೆ 90 ಎಂಎಲ್, ಸುಮಾರು 50 ಪಿಪಿಎಂ, ಅಂದ್ರ ಹತ್ತು ಲಕ್ಷ ಪಾಲಿಗಿ 50 ಪಾಲು ಆಗ್ತದ. ಇದು ತೊಳಿಯೋ ಲೆಕ್ಕ ಮತ್ತ, ಕುಡಿಯೋದಲ್ಲ. ಬ್ಲೀಚಿಂಗ್ ಪೌಡರ್ ಬ್ಯಾಡ ಅಂದ್ಕೊಂಡೆ, ಅದರ ಸುಣ್ಣ ತಳದಾಗ ಕೂತು ಪಂಪಿನ ಜಾಲರಿ ಕಟ್ಕೋತದ. ಟ್ಯಾಂಕ್ ತುಂಬಿಸಿ, ಒಂದೊಂದು ನಳಾನೂ ಕ್ಲೋರಿನ್ ವಾಸನಿ ಬರೋ ತನಕ ಬಿಟ್ಟು, ರಾತ್ರಿ ಇಡೀ ಹಂಗೇ ಇಟ್ಟು, ಮುಂಜಾನಿ ಖಾಲಿ ಮಾಡಿ, ಮತ್ತ ಎರಡು ಸಲ ಒಳ್ಳೆ ನೀರು ತುಂಬಿ ಚೆಲ್ಲಬೇಕು.

ಚೆಲ್ಲಬೇಕು ಅನ್ನೋ ಮಾತಿಗೇ ಮನ್ಯಾಗ ಜಗಳ. ನಮ್ಮ ಓಣಿಯಾಗ ನಳ ಬರೋದೇ ನಾಲ್ಕು ದಿನಕ್ಕೊಮ್ಮೆ. ಭೀಮಾ ನದಿಲಿಂದ, ಬೆಣ್ಣೆತೊರಾ ಡ್ಯಾಮಿಲಿಂದ ಪೈಪಿನ್ಯಾಗ ಬಂದು, ನಮ್ಮ ಗಲ್ಲಿ ಮುಟ್ಟೋ ಹೊತ್ತಿಗಿ ಸಣ್ಣ ಮಗು ಉಚ್ಚಿ ಹೊಯ್ದಂಗ ಬರ್ತಾವ ನೀರು, ನಳದ ನೀರು ಎಳಿಯೋ ಟುಲ್ಲು ಮೋಟಾರ್ ಹಚ್ಚಿದವ್ರ ಮನಿಗಿ ಮೊದಲು, ಹಚ್ಚದವ್ರಿಗಿ ಆಮ್ಯಾಲ. ಅಂಥಾದ್ರಾಗ ಮೂರು ಟ್ಯಾಂಕ್ ನೀರು, 270 ಲೀಟರ್, ಬರೇ ತೊಳಿಲಿಕ್ಕೆ! ಅವ್ವ ಮಾತಾಡಲಿಲ್ಲ, ಸುಮ್ನ ಬಕೀಟು ತಂದು ಗಾಡಿ ಕೆಳಗ ಇಟ್ಳು. ಕ್ಲೋರಿನ್ ನೀರು ಬಚ್ಚಲಕ್ಕ, ಪಾಯಖಾನಿಗಿ, ಅಂಗಳಕ್ಕ. ಎರಡನೇದು ಅರಬಿ ನೆನಿ ಹಾಕ್ಲಿಕ್ಕೆ. ಮೂರನೇದು ಕರಿಬೇವಿನ ಗಿಡಕ್ಕ. ಒಂದು ಹನಿ ರಸ್ತಾಕ್ಕ ಹೋಗಲಿಲ್ಲ.

ಅಲ್ಲೇ ಇನ್ನೊಂದು ತಪ್ಪು ಗೊತ್ತಾಯ್ತು. ನಾನು ತುಂಬಿಸಿದ್ದು ಅಂಗಳದಾಗ ಬಿಸಿಲಿಗಿ ಬಿದ್ದ ಹಸಿರು ಗಾರ್ಡನ್ ಪೈಪಿನ್ಯಾಗ. ನೀರು ಬಾಯಾಗ ಇಟ್ರ ಹೊಸ ಚಪ್ಪಲಿ ಅಂಗಡ್ಯಾಗ ನಿಂತಂಗ ಆಯ್ತು. ಆ ವಾಸನಿ ಕ್ಲೋರಿನ್‌ಗೂ ಹೋಗಲ್ಲ. ಹಾರ್ಡ್‌ವೇರ್ ಅಂಗಡಿಯವ ಹಾಲಿನ ಡೈರಿಯವ್ರು ಒಯ್ಯೋ ಥರದ್ದು ಬಿಳಿ ಫುಡ್ ಗ್ರೇಡ್ ಪೈಪು ತೋರಿಸ್ದ, ರೇಟು ಮೂರು ಪಟ್ಟು, ಬಾಯಿ ಮುಚ್ಕೊಂಡು 10 ಮೀಟರ್ ಕೊಯ್ಸಿಕೊಂಡು ಬಂದೆ. ಅವ್ವ ಅದರ ಎರಡೂ ಬಾಯಿಗಿ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿ, "ಕುಡಿಯೋ ನೀರಿನ ಪೈಪು, ನೆಲಕ್ಕ ತಾಗಿಸಬ್ಯಾಡ" ಅಂತ ತಾಕೀತು ಮಾಡಿದ್ಳು.

ಹೊರಟ್ವಿ. 90 ಲೀಟರ್ ಅಂದ್ರ 90 ಕೆಜಿ, ಒಬ್ಬ ದಡೂತಿ ಮನಷ್ಯಾ ಒಂದೇ ಮಗ್ಗಲಿಗಿ ಕೂತಂಗ, ಗಾಡಿ ಎಡಕ್ಕ ಎಳಿಲತ್ತಿತ್ತು. ಕಮಲಾಪುರದಾಗ ನಿಂತು ಕೆಂಪು ಬಾಳೆಹಣ್ಣು ತಗೊಂಡು, ಅಕ್ಕಿ ಚೀಲ ಗ್ಯಾಸ್ ಸಿಲಿಂಡರ್ ಎಲ್ಲಾ ಬಲಗಡಿ ಸರಿಸ್ದೆ. ಅವಾಗೇ ಅವ್ವಂದು ಖಟಕ ರೊಟ್ಟಿ ತುಂಬಿದ ದೊಡ್ಡ ತಗಡಿನ ಡಬ್ಬಿ ಎಲ್ಲಿ ಇಡೋದು ಅಂತ ತಿಳಿಲಾರದೆ ಎಡ ಹಾಸಿಗಿ ಕೆಳಗ, ಟ್ಯಾಂಕಿನ ಬಾಜೂಕ ಕಾಲ್ಲೇ ಒತ್ತಿ ತುರುಕಿದೆ. ಅದು ನೆನಪಿರ್ಲಿ.

ಮೂರು ಮಂದಿಗಿ 90 ಲೀಟರ್ ಎರಡು ದಿನ ಬರ್ತಾವ ಅಂತ ನಂದು ಲೆಕ್ಕ. ಬೀದರ್‌ದಾಗ ಮರುದಿನ ಮುಂಜಾನಿ ಎಂಟಕ್ಕೇ ಪಂಪು ಕೆಮ್ಮಿತು. ಟ್ಯಾಂಕಿನ್ಯಾಗ ಎಷ್ಟು ನೀರು ಅದ ಅಂತ ತೋರಿಸೋ ಗೋಡಿಮ್ಯಾಲಿನ ಮೂರು ಲೈಟಿನ್ಯಾಗ ಎರಡು ಇನ್ನೂ ಹಸಿರು ಉರಿಲತ್ತಿದ್ವು, ನಳದಾಗ ಮಾತ್ರ ಬರೇ ಗಾಳಿ. ಆ ಲೈಟ್ ನಂಬಬ್ಯಾಡ್ರಿ. ಹಾಸಿಗಿ ಎತ್ತಿ ಟ್ಯಾಂಕಿಗೆ ಬೆರಳಿಂದ ಟಕ್ ಟಕ್ ಬಡದು ನೋಡ್ರಿ, ಕಲ್ಲಂಗಡಿ ನೋಡ್ತಾರಲ್ಲ ಹಂಗ. ಪಂಪ್ ಒಣಗ ಓಡ್ಲಿಕ್ಕೂ ಬಿಡಬಾರದು, ಸ್ವಿಚ್ ಬಂದ್ ಮಾಡ್ಬೇಕು. ನೀರು ಎಲ್ಲಿ ಹೋದ್ವು ಅಂದ್ರ, ಅವ್ವ ರಾತ್ರಿ ಭಾಂಡಿ ತಿಕ್ಕುವಾಗ ನಳ ಬಿಟ್ಟೇ ಇಟ್ಟಿದ್ಳು, "ಮನಿ ನಳದಾಗ ಇಂಥ ಧಾರಿ ಯಾವಾಗ ಬಂದಿತ್ತು, ನೋಡ್ಲಿಕ್ಕೇ ಛಂದ ಕಾಣ್ತಿತ್ತು" ಅಂದ್ಳು. ಏನ್ ಹೇಳ್ಬೇಕು.

ಮೊದಲು ಹೋದದ್ದು ಒಂದು ಪೆಟ್ರೋಲ್ ಪಂಪಿಗೆ. ಡೀಸೆಲ್ ಹಾಕಿಸಿ ನೀರು ಕೇಳ್ದೆ, ಹುಡುಗ ಹಿಂದಿನ ನಳ ತೋರಿಸ್ದ. ನಳದ ಮೂತಿಗಿ ಚೂಡಿ ಸವದು ಹೋಗಿ ನನ್ನ ಜಾಯಿಂಟ್ ಕೂಡಲಿಲ್ಲ, ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿದೆ (ಇಂಥಾ ಟ್ಯೂಬಿನ ನಾಲ್ಕು ತುಂಡು ಗಾಡಿಯಾಗ ಇಟ್ಕೊಳ್ರಿ, ಎಂಥಾ ಅಡಾಪ್ಟರಿಗಿಂತ ಛಲೋ). ಪೈಪು ಗಾಡಿ ಬಾಯಾಗ ಇಟ್ಟು ನಳ ತಿರುವಿದ್ದೇ ತಡ, ಹತ್ತು ಸೆಕೆಂಡ್ ಗುಳುಗುಳು ಅಂತು, ಆಮ್ಯಾಲ ಭಸ್ ಅಂತ ನೀರು ವಾಪಸ್ ನನ್ನ ಮುಖಕ್ಕೇ! ಅಂಗಿ ಪೂರಾ ತೊಯ್ದು ಹೋಯ್ತು. ಸಣ್ಣಗ ಬಿಟ್ಟೆ, ಮತ್ತ ಭಸ್. ನಮ್ಮಾಕಿ ಒಳಗಿಂದ "ರೀ, ತುಂಬೇದಂತ, ಮೂರೂ ಲೈಟ್ ಹತ್ಯಾವ" ಅಂತ ಕೂಗಿದ್ಳು. ತುಂಬೇದ ಅಂತ ನಾನೂ ನಂಬಿ, ಹುಡುಗಗ ಥ್ಯಾಂಕ್ಸ್ ಹೇಳಿ ಹೊಂಟೆ. ಎರಡು ಕಿಲೋಮೀಟರ್ ಆಚೆ ಚಾ ಮಾಡ್ಲಿಕ್ಕೆ ನಳ ತಿರುವಿದ್ರ ನಾಲ್ಕು ಗ್ಲಾಸು ಬಂದು ಬಂದ್.

ಗಾಡಿ ತೊಳಿಯೋ ವಾಷಿಂಗ್ ಸೆಂಟರ್ ಒಂದು ಕಾಣ್ತು, ಅಲ್ಲಿ ಧಾರಿ ಜೋರು ಇರ್ತದ ಅಂತ ನುಗ್ಗಿಸ್ದೆ. ಅರವತ್ತು ದಾಟಿದ ಒಬ್ಬ ಚಾಚಾ, ಮೊಣಕಾಲ ತನಕ ಪ್ಯಾಂಟು ಮಡಚಿ ಟ್ರ್ಯಾಕ್ಟರ್ ತೊಳಿಲತ್ತಿದ್ದ. ನನ್ನ ಪೂರಾ ಕಥಿ ಕೇಳೋ ತಾಳ್ಮಿ ಅವಗ ಇರಲಿಲ್ಲ. ಕೈಯಾಗಿನ ಗನ್ ಕೆಳಗಿಟ್ಟು, ಪೈಪಿನ್ಯಾಗ ಸ್ವಲ್ಪ ನೀರು ಬಿಡು ಅಂದು, ತಾನು ಗಾಡಿ ಮಗ್ಗಲಿಗಿ ಕಿವಿ ಹಚ್ಚಿ ನಿಂತ. ಆ ಬೆರಳು ಪೈಪಿನ ಬಾಯಿಗಿ ಒದ್ದಿ ಹೆಬ್ಬೆಟ್ಟು ಹಿಡಿದು ನೋಡ್ದ. "ಹವಾ ಕೋ ರಸ್ತಾ ನೈ ಹೈ ಸಾಬ್," ಅಂದ, ಗಾಳಿಗಿ ದಾರಿನೇ ಇಲ್ಲ ಅಂತ. ಆಮ್ಯಾಲ ಕನ್ನಡದಾಗ, "ಕೊಡ ಬೋರಲಾಕಿ ಬಾವ್ಯಾಗ ಒತ್ರಿ, ತುಂಬ್ತದೇನು? ಹಂಗಾಗ್ಯದ ನಿಮ್ದು."

ಹಾಸಿಗಿ ಎತ್ತಿ ನೋಡಿದ್ರ ರೊಟ್ಟಿ ಡಬ್ಬಿ ಅಂಚು ಗಾಳಿ ಪೈಪಿನ ಮ್ಯಾಲ ಕೂತಿತ್ತು. ಪೈಪು ಮಡಚಿ ಚಪ್ಪಟಿ ಆಗಿತ್ತು. ಮನ್ಯಾಗ ಯಾಕ ತುಂಬಿತ್ತು ಅಂದ್ರ ಅವಾಗ ಡಬ್ಬಿ ಇರಲಿಲ್ಲ, ಅದರ ಮ್ಯಾಲ ನಮ್ಮ ನಳದ ಧಾರಿ ಅಷ್ಟು ಸಣ್ಣದು, ಗಾಳಿ ಪೈಪು ಮುಚ್ಚಿದ್ರೂ ದಪ್ಪ ಪೈಪಿನ್ಯಾಗೇ ನೀರಿನ ಬಾಜೂಲಿಂದ ಗಾಳಿ ಮ್ಯಾಲ ಬರ್ತಿತ್ತೇನೋ. ಇಲ್ಲಿ ಜೋರು ಧಾರಿ ಬಿಟ್ಟಾಗ ದಪ್ಪ ಪೈಪು ನೀರಿಲಿಂದಲೇ ತುಂಬಿ, ಗಾಳಿ ಒಳಗೇ ಸಿಕ್ಕಿಬಿದ್ದು ನೀರನ್ನ ವಾಪಸ್ ದಬ್ಬಿತ್ತು. ಗಾಡಿ ಮಾಡಿಕೊಟ್ಟವ್ರೂ ಮೆತ್ತಗಿನ ಪೈಪು ಹಾಕಿ ಒಂದು ಕ್ಲಿಪ್ಪೂ ಹೊಡಿದೇ ತೇಲಬಿಟ್ಟಿದ್ರು, ಆ ರೊಕ್ಕದಾಗ ಒಂದು ಕ್ಲಿಪ್ ಬರ್ತಿದ್ದಿಲ್ಲೇನು ಅಂತ ಸಿಟ್ಟು ಬಂತು, ಆದ್ರ ಕಾಲ್ಲೇ ಒತ್ತಿ ಡಬ್ಬಿ ತುರುಕಿದವ ನಾನೇ ಇದ್ನಲ್ಲ. ಚಾಚಾ ಮಡಚಿದ ಜಾಗಾ ಕೊಯ್ದು, ಎಲ್ಲಿಂದನೋ ಒಂದು ಗಟ್ಟಿ ಪೈಪಿನ ಮೊಳ ತುಂಡು ತಂದು ನಡುವ ಜೋಡಿಸಿ, ಎರಡು ಕ್ಲಿಪ್ ಬಿಗಿದು, ಹಾಸಿಗಿ ಕಟ್ಟಿಗಿಗೆ ತಂತಿ ಸುತ್ತಿ ನಿಲ್ಲಿಸ್ದ. ಈಗ ನೀರು ಬಿಟ್ಟಾಗ ಬೆರಳು ಪೈಪಿಂದ ಸುಯ್ ಅಂತ ಗಾಳಿ ಹೊರಗ ಬಿತ್ತು. ಅಷ್ಟು ಸಣ್ಣ ಸಪ್ಪಳಕ್ಕ ಅಷ್ಟು ಖುಷಿಯಾಗಿದ್ದು ನನಗ ಅದೇ ಮೊದಲು.

ಹಾಂ, ತುಂಬಿಸ್ರಿ ಅಂತ ನಾನು ಅವನ ಬೋರಿನ ಪೈಪಿಗೆ ಕೈ ಹಾಕ್ದೆ. ಬ್ಯಾಡ ಅಂದ. ಅಂಗೈಯಾಗ ಸ್ವಲ್ಪ ಹಿಡಿದು ಕೊಟ್ಟ. ಸವಳು. ನಾಲಿಗಿ ಒಣ ಒಣ. "ಇದು ಗಾಡಿ ತೊಳಿಲಿಕ್ಕೆ, ಇದ್ರಾಗ ಸಬಕಾರನೂ ಬುರುಗು ಬರಲ್ಲ, ಅಮ್ಮಾರು ಬ್ಯಾಳಿ ಇಟ್ರ ಸಂಜಿ ತನಕ ಕುದಿತದ ಆದ್ರ ಬೇಯಲ್ಲ" ಅಂದ. ಅವ್ವ ಒಳಗಿಂದ "ಖರೇ ಮಾತು" ಅಂದ್ಳು. ತೊಗರಿ ಬೆಳೆಯೋ ಜಿಲ್ಲಾದ ಹೆಣ್ಮಕ್ಕಳಿಗಿ ನೀರಿನ ಟೆಸ್ಟ್ ಅಂದ್ರ ಅದೇ, ಬ್ಯಾಳಿ ಬೆಂದ್ರ ಒಳ್ಳೆ ನೀರು, ಇಲ್ಲಾಂದ್ರ ಇಲ್ಲ, ನೀರಿನ್ಯಾಗ ಎಷ್ಟು ಉಪ್ಪು ಕರಗ್ಯದ ಅಂತ ತೋರಿಸೋ ಟಿಡಿಎಸ್ ಮೀಟರ್ ಯಾಕ ಬೇಕು. ಕ್ಲೋರಿನ್ ಹಾಕಿದ್ರ ಹುಳ ಸಾಯ್ತಾವ, ಉಪ್ಪು ಹೋಗಲ್ಲ. ಫ್ಲೋರೈಡೂ ಹೋಗಲ್ಲ, ನಮ್ಮ ಯಾದಗಿರಿ ಕಲಬುರಗಿ ಕಡಿ ಎಷ್ಟೋ ಊರಿನ ಬೋರಿನ್ಯಾಗ ಅದು ಅದ. ಅದಕ್ಕ ಬೋರ್ ಕಂಡಲ್ಲೆಲ್ಲಾ ಪೈಪ್ ಹಚ್ಚೋದು ಛಲೋ ಅಲ್ಲ.

ಹಿಂದಿನ ಗಲ್ಲ್ಯಾಗ ಫಿಲ್ಟರ್ ನೀರಿನ ಘಟಕ ಅದ, ಐದು ರೂಪಾಯಿ ಕಾಯಿನ್ ಹಾಕಿದ್ರ 20 ಲೀಟರ್ ಬರ್ತಾವ ಅಂತ ಚಾಚಾ ಹೇಳಿ, ತನ್ನ ನಾಲ್ಕು ಕ್ಯಾನೂ ಕೊಟ್ಟ. ಅವನ ಕೂಲಿ ಕೇಳಿದ್ರ ಕ್ಲಿಪ್ಪಿಂದು ಕೊಡ್ರಿ ಸಾಕು ಅಂದ.

ಅಲ್ಲಿ ಪಾಳಿ. ಮುಂಜಾನಿ ಹನ್ನೊಂದಕ್ಕೇ ಬಿಸಿಲು ನೆತ್ತಿ ಸುಡ್ಲತ್ತಿತ್ತು, ಹನ್ನೆರಡು ಹದಿನಾಲ್ಕು ಮಂದಿ ಹೆಣ್ಮಕ್ಕಳು, ಒಂದಿಬ್ಬರು ಹುಡುಗರು ಸೈಕಲಿಗಿ ಎರಡೂ ಕಡಿ ಕ್ಯಾನ್ ಕಟ್ಕೊಂಡು. ಖರೇ ಹೇಳ್ತೀನಿ, ನನಗ ನಾಚಿಕಿ ಆಯ್ತು. ಬೀದರ್‌ದಾಗ ಯಾರ ಮನಿ ಮುಂದ ನಿಂತು ನೀರು ಕೇಳ್ರಿ, ತಂಬಿಗಿ ತುಂಬ ತಂದು ಕೊಡ್ತಾರ, ಮ್ಯಾಲ ಬೆಲ್ಲದ ಚೂರು ಕೊಟ್ರೂ ಕೊಟ್ರು. ತಂಬಿಗಿ ಬ್ಯಾರೆ, 90 ಲೀಟರ್ ಬ್ಯಾರೆ. ಇವ್ರು ಇಡೀ ಮನಿಗಿ ಒಂದೊಂದು ಕ್ಯಾನ್ ಹೊತ್ಕೊಂಡು ಹೋಗೋರು, ನಾನು ತಿರುಗಾಟಕ್ಕ ಬಂದು ನಾಲ್ಕು ಕ್ಯಾನ್ ಹಿಡ್ಕೊಂಡು ನಿಂತೀನಿ. ಒಬ್ಬರಿಗಿ ಎರಡೇ ಕ್ಯಾನ್ ಅಂತ ಅಲ್ಲಿ ಅವ್ರೇ ಮಾಡ್ಕೊಂಡ ರೂಲು. ನಾನೊಂದು ಪಾಳಿ, ನಮ್ಮಾಕಿ ಒಂದು ಪಾಳಿ ನಿಂತ್ವಿ. ಅವ್ವ ಸುಮ್ನ ಇರ್ತಾಳೇನು, ಆಕಿನೂ ಇಳಿದು ಬಂದು ಒಬ್ಬಾಕಿ ಬಾಜೂಕ ಕೂತು, "ನನ್ನ ಮಗ ಗಾಡಿಗಿ ನೀರು ಕುಡಿಸ್ಲತ್ತಾನ" ಅಂತ ಶುರು ಹಚ್ಚಿದ್ಳು. ಹತ್ತು ನಿಮಿಷದಾಗ ಅರ್ಧ ಪಾಳಿ ಗಾಡಿ ಒಳಗ ಹೋಗಿ ಸಿಂಕ್ ನೋಡಿ ಬಂತು. "ಆಯಿ, ಬಚ್ಚಲಾ ಎಲ್ಲದರಿ?" ಅಂತ ಒಬ್ಬಾಕಿ ಕೇಳಿದ್ರ ಅವ್ವ ನನ್ನ ಕಡಿ ನೋಡಿ, "ಅದೇ ಇಲ್ಲ ನೋಡವಾ, ಉಳಿದಿದ್ದೆಲ್ಲಾ ಅದ" ಅಂದ್ಳು.

ನಾಲ್ಕು ಕ್ಯಾನ್ ಆದ್ವು. ಈಗ 20 ಕೆಜಿ ಕ್ಯಾನು ಎದಿ ಎತ್ತರದ ಸಣ್ಣ ಬಾಯಿಗಿ ಸುರಿಯೋದು ಹೆಂಗ? ಲಾಳಿಕಿ ಇಟ್ಟು ಮೊದಲನೇ ಕ್ಯಾನ್ ಎತ್ತಿದೆ, ಕೈ ನಡುಗಿ ಮೂರು ಲೀಟರಾದ್ರೂ ನೆಲಕ್ಕ ಹೋಯ್ತು, ಪಾಳ್ಯಾಗಿನ ಮಂದಿ ಎಲ್ಲಾ "ಅಯ್ಯಯ್ಯೋ" ಅಂದ್ರು, ಆ ನೀರು ಚೆಲ್ಲಿದ್ದು ನನ್ನ ಅಂಗಿ ತೊಯ್ದಿದ್ದಕ್ಕಿಂತ ಹೆಚ್ಚು ಚುಚ್ಚಿತು. ಆಮ್ಯಾಲ ಗಾಡಿ ಹಿಂದಿನ ಏಣಿಮ್ಯಾಲಿಂದ ಕ್ಯಾನ್ ಟಾಪ್ ಮ್ಯಾಲ ಏರಿಸಿ, ಪೈಪ್ ಇಳಿಬಿಟ್ಟು ಬಾಯಿಲಿಂದ ಎಳಿಬೇಕು ಅಂತ ತುಟಿಗಿ ಇಟ್ಟೆ, ಟ್ರ್ಯಾಕ್ಟರಿಂದ ಡೀಸೆಲ್ ತಗಿತಾರಲ್ಲ ಹಂಗ. ಅವ್ವ ಕೆಳಗಿಂದ ಚೀರಿದ್ಳು, "ಎಂಜಲ ಮಾಡ್ತಿ ಏನ್ ಲೇ, ಎಲ್ಲಾರೂ ಕುಡಿಯೋ ನೀರು!" ಪಾಳ್ಯಾಗಿನವ್ರೂ ಹೌದು ಹೌದು ಅಂದ್ರು. ಖರೇ ನೋಡಿದ್ರ ಡಾಕ್ಟರೂ ಅದನ್ನೇ ಹೇಳ್ತಾನ. ಸೈಕಲ್ ಹುಡುಗ ಒಬ್ಬ ಉಪಾಯ ತೋರಿಸ್ದ, ಪೈಪಿನ್ಯಾಗ ಮೊದಲೇ ನೀರು ತುಂಬಿ, ಎರಡೂ ಬಾಯಿ ಹೆಬ್ಬೆಟ್ಟಿಲಿಂದ ಮುಚ್ಚಿ, ಒಂದು ಬಾಯಿ ಕ್ಯಾನಿನ್ಯಾಗ ಮುಳುಗಿಸಿ, ಇನ್ನೊಂದು ಬಾಯಿ ಟ್ಯಾಂಕಿನ್ಯಾಗ ಇಟ್ಟು ಬಿಡೋದು. ಬಿಟ್ಟ ತಕ್ಷಣ ಎಳಿತು. ಕ್ಯಾನಿಗೆ ನಾಲ್ಕೈದು ನಿಮಿಷ. ಸುಯ್ ಅಂತ ಬೆರಳು ಪೈಪಿನ ಸಪ್ಪಳ ಮತ್ತ, ತುಂಬ್ತಾ ಬಂದಂಗ ಆ ಸಪ್ಪಳ ಸಣ್ಣದಾಗ್ತದ, ಕಡಿಗಿ ಅಲ್ಲಿಂದ ಎರಡು ಹನಿ ನೀರು ಜಿನುಗ್ತಾವ, ಅದು ತುಂಬಿದ ಗುರ್ತು. ಲೈಟ್ ಗೀಟ್ ಏನೂ ಬ್ಯಾಡ.

ಫಿಲ್ಟರ್ ನೀರಿನ್ಯಾಗ ಕ್ಲೋರಿನ್ ಉಳಿದಿರಲ್ಲ, ಮೇ ತಿಂಗಳ ಬಿಸಿಲಿಗಿ ಟ್ಯಾಂಕ್ ಕಾದು ಎರಡು ಮೂರು ದಿನದಾಗ ಪಾಚಿ ವಾಸನಿ ಹಿಡಿಬಹುದು, ಅದಕ್ಕ ಕುಡಿಯೋ ನೀರಿಗಿ ಹಾಕೋ ಕ್ಲೋರಿನ್ ಗುಳಿಗಿ ಪಾಕೀಟಿನ ಮ್ಯಾಲ ಬರೆದಷ್ಟೇ ಹಾಕಿ ಅರ್ಧ ತಾಸು ಬಿಟ್ವಿ.

ಸಂಜಿಗಿ ನೌಬಾದ್ ಕಡಿ ಕರೇಜ್ ಅನ್ನೋ ಹಳೇ ನೀರಿನ ಸುರಂಗ ನೋಡ್ಲಿಕ್ಕೆ ಹೋದ್ವಿ. ಬಹಮನಿ ಸುಲ್ತಾನರು ರಾಜಧಾನಿ ಕಲಬುರಗಿಲಿಂದ ಬೀದರ್‌ಗ ಒಯ್ದ ಮ್ಯಾಲ, 15ನೇ ಶತಮಾನದಾಗ ಮಾಡಿದ್ದು. ಕೆಂಪು ಜಂಬಿಟ್ಟಿಗಿ ಕಲ್ಲಿನ್ಯಾಗ ನೆಲದ ಕೆಳಗ ಸುರಂಗ ಕೊರೆದು, ಬಸಿಯೋ ನೀರು ಇಳಿಜಾರಿನ್ಯಾಗ ತಾನೇ ಹರಿದು ಬರೋ ಹಂಗ. ಮೋಟಾರಿಲ್ಲ, ಕರೆಂಟಿಲ್ಲ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮ್ಯಾಲಿಂದ ಬಾವಿ ಥರ ನೆಟ್ಟಗ ಕಿಂಡಿ ಕೊರೆದಾರ, ಮಣ್ಣು ತಗಿಲಿಕ್ಕೆ, ನೀರು ಸೇದ್ಲಿಕ್ಕೆ, ಒಳಗ ಗಾಳಿ ಆಡ್ಲಿಕ್ಕೆ. ನಾನು ಬಗ್ಗಿ ಆ ಕಿಂಡಿ ನೋಡ್ಲತ್ತಿದ್ರ ನಮ್ಮಾಕಿ, "ಅವ್ರು ಇದ್ರ ಮ್ಯಾಲ ರೊಟ್ಟಿ ಡಬ್ಬಿ ಇಡಲಿಲ್ಲ ನೋಡ್ರಿ" ಅಂದ್ಳು.

ನಾನಕ್ ಝೀರಾ ಗುರುದ್ವಾರಕ್ಕೂ ಹೋದ್ವಿ. ಇಲ್ಲಿ ಕುಡಿಲಿಕ್ಕೆ ಸಿಹಿ ನೀರು ಇಲ್ಲ ಅಂತ ಮಂದಿ ಹೇಳಿದಾಗ ಗುರುನಾನಕರು ಖಡಾವಿಲಿಂದ, ಅಂದ್ರ ಕಟ್ಟಿಗಿ ಪಾದುಕಿಲಿಂದ, ಕಲ್ಲು ಸರಿಸಿದ್ರು, ಝರಿ ಹುಟ್ಟಿತು ಅಂತ ಹೇಳ್ತಾರ. ಮುಂಜಾನಿ ಆ ಚಾಚಾನ ಸವಳು ನೀರು ನಾಲಿಗಿಮ್ಯಾಲ ಇಟ್ಕೊಂಡು ಬಂದವ್ರಿಗಿ ಆ ಕಥಿ ಬ್ಯಾರೇನೇ ಕೇಳಿಸ್ತದ. ಅಲ್ಲಿ ಮಂದಿ ಬಾಟ್ಲಿಯಾಗ ತುಂಬ್ಕೊಂಡು ಹೋಗ್ತಾರ, ಅವ್ವನೂ ಒಂದು ಬಾಟ್ಲಿ ತುಂಬ್ಕೊಂಡ್ಳು. ಗಾಡಿ ಟ್ಯಾಂಕಿನ ಮಾತು ಅಲ್ಲಿ ಎತ್ತೋದು ನನಗ ಸರಿ ಕಾಣಲಿಲ್ಲ.

ರಾತ್ರಿ ಕುಕ್ಕರಿನ್ಯಾಗ ಬ್ಯಾಳಿ ಮೂರು ಸೀಟಿಗಿ ಬೆಣ್ಣಿ ಆಗಿತ್ತು. ಭಾಂಡಿ ತಿಕ್ಕೋ ಹೊತ್ತಿನ್ಯಾಗ ಅವ್ವ ಸಿಂಕಿನ ನಳ ತಿರುವಲೇ ಇಲ್ಲ, ಒಂದು ಬೋಗಾಣ್ಯಾಗ ನೀರು ಹಿಡ್ಕೊಂಡು ಅದ್ರಾಗೇ ಎಲ್ಲಾ ತೊಳಿದ್ಳು. ಪಾಳ್ಯಾಗ ಬಾಜೂಕ ಕೂತಾಕಿ ಏನು ಹೇಳಿದ್ಳೋ, ನಾನು ಕೇಳಲಿಲ್ಲ.

ಮೂರನೇ ದಿನ ಮನಿ ಮುಟ್ಟಿದ್ರ ಅಂಗಳದಾಗ ಖಾಲಿ ಕೊಡ ಸಾಲಾಗಿ ಇದ್ವು, ಪಾಳಿ ದಿನ ದಾಟಿ ಎರಡು ದಿನ ಆದ್ರೂ ನಳ ಬಂದಿದ್ದಿಲ್ಲ. ಟ್ಯಾಂಕಿನ್ಯಾಗ ಇನ್ನೂ ಅರ್ಧ ಇತ್ತು, ಬೆರಳಿಂದ ಬಡದು ನೋಡ್ದೆ. ಅವ್ವ ಗಾಡಿ ಹಿಂದಿನ ಬಾಗಲಾ ತೆರೆದು ಶವರ್ ಪೈಪ್ ಹೊರಗ ಎಳೆದು, ಮೊದಲು ನಮ್ಮವು ಎರಡು ಕೊಡ, ಆಮ್ಯಾಲ ಬಾಜೂಮನಿ ಅಕ್ಕಂದು ಒಂದು ತುಂಬಿಸಿದ್ಳು, ಪಂಪ್ ಡರ್ರ್ ಅನ್ಲತ್ತಿದ್ರ ಓಣಿ ಹುಡುಗರೆಲ್ಲಾ ಬಂದು ನಿಂತ್ವು. ಬಾಜೂಮನಿ ಅಕ್ಕ ಅಂಗೈಯಾಗ ಸ್ವಲ್ಪ ಹಿಡಿದು ಕುಡಿದು ನೋಡಿ, "ಬೀದರ್ ನೀರು ಭಾಳ ಸಪ್ಪಗ ಅವ ಬಿಡ್ರಿ" ಅಂದು ಕೊಡ ಎತ್ತಿ ನಡಕ್ಕ ಇಟ್ಕೊಂಡು ಹೋದ್ಳು.